ಗೇಟಿನ ಪಕ್ಕದ ಮನೆ

ಪುಟ್ಟಿ,

ಕಳೆದ ಭಾನುವಾರ ವೈಟ್‌ಫೀಲ್ಡಿನಲ್ಲಿ ನೀನು ತೋರಿಸಿದ ಮನೆಯ ಬಗ್ಗೆ ನಾನು ಅಲ್ಲಿ ತುಟಿ ಬಿಚ್ಚಲಿಲ್ಲ. ವಾಪಸ್ ಬರುವಾಗ ಮೆಟ್ರೋದಲ್ಲಿ ಎರಡು ಸಲ ಕೇಳಿದೆ, "ಹೇಗಿದೆ ಅತ್ತೆ?" ಅಂತ. "ಚೆನ್ನಾಗಿದೆ" ಅಂದವಳೇ ಕಿಟಕಿ ಕಡೆ ತಿರುಗಿಕೊಂಡೆ. ಚೆನ್ನಾಗಿರುವುದು ಸುಳ್ಳಲ್ಲ. ಹನ್ನೊಂದನೇ ಮಹಡಿ, ಗಾಳಿ ಬೆಳಕು ಧಾರಾಳ, ಅಡುಗೆಮನೆ ಕಿಟಕಿಯಿಂದಲೇ ನಿನ್ನ ಆಫೀಸಿನ ಗಾಜಿನ ಗೋಡೆ ಕಾಣುತ್ತದೆ. ನಡೆದರೆ ಹತ್ತು ನಿಮಿಷ. ಜೊತೆಗಿರಲು ಇಬ್ಬರು ಗೆಳತಿಯರು ಸಿದ್ಧ. ಕೆಳಗೆ ಈಜುಕೊಳ, ಜಿಮ್ಮು, ಅಂಗಡಿ. ಸಂಜೆ ಆರಕ್ಕೆ ಕೆಲಸ ಮುಗಿದರೆ ಆರೂಕಾಲಿಗೆ ಕಾಫಿ ಲೋಟ ಕೈಯಲ್ಲಿ. ಇಪ್ಪತ್ತಾರು ವರ್ಷದ ಹುಡುಗಿಗೆ ಇನ್ನೇನು ಬೇಕು?

ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ. ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಯಾಕೆ ಅಂತ ನಗಬೇಡ. ಎದುರಿಗೆ ಕೂತು ಹೇಳಲು ಹೊರಟರೆ ಎರಡನೇ ಮಾತಿಗೇ ನೀನು "ಈಗ ಅದೆಲ್ಲ ಹಂಗಿಲ್ಲ ಅತ್ತೆ" ಅಂತೀಯ. ಅಲ್ಲಿಗೆ ನನ್ನ ಮಾತಿನ ಎಳೆ ತಪ್ಪುತ್ತದೆ.

ಮೊದಲು ನನ್ನ ಸ್ವಾರ್ಥ ಹೇಳಿಬಿಡುತ್ತೇನೆ. ನಿಮ್ಮ ಮಾವ ಹೋದ ಮೇಲೆ ಈ ವಿಜಯನಗರದ ಮನೆಯಲ್ಲಿ ರಾತ್ರಿ ಕುಕ್ಕರ್ ಕೂಗಿಸುವುದನ್ನೇ ಬಿಟ್ಟಿದ್ದೆ. ಒಬ್ಬಳಿಗೆ ಎಂಥ ಅಡುಗೆ ಅಂತ ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಮಲಗುತ್ತಿದ್ದೆ. ನೀನು ಬಂದ ಮೂರು ತಿಂಗಳಲ್ಲಿ ಕುಕ್ಕರ್ ಮತ್ತೆ ಕೂಗುತ್ತಿದೆ. ಹಾಗಾಗಿ ನಾನು ಹೇಳುವುದರಲ್ಲಿ "ಇಲ್ಲೇ ಇರು" ಅನ್ನುವ ರಾಗ ಎಲ್ಲಾದರೂ ಕೇಳಿಸಿದರೆ ಅದನ್ನು ಕಳೆದು ಉಳಿದದ್ದನ್ನು ತೂಗು. ತಿಪಟೂರಿನ ನಿಮ್ಮಪ್ಪನಿಗೂ ಹೇಳಿದ್ದೇನೆ, ಇದರಲ್ಲಿ ನೀನು ಬಾಯಿ ಹಾಕಬೇಡ ಅಂತ. ಅವನಿಗೆ ವೈಟ್‌ಫೀಲ್ಡ್ ಅಂದರೆ ಇನ್ನೂ ಸಾಯಿಬಾಬಾ ಆಶ್ರಮ, ಅಷ್ಟೇ.

ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಮನೆಯಿಂದ ಸ್ಟೇಷನ್ನು, ರೈಲಲ್ಲಿ ಗಂಟೆಯ ಮೇಲೆ, ಪಟ್ಟಂದೂರು ಅಗ್ರಹಾರದಲ್ಲಿ ಇಳಿದು ಮತ್ತೆ ನಡಿಗೆ. ಹೋಗುವುದಕ್ಕೆ ಒಂದೂವರೆ, ಬರುವುದಕ್ಕೆ ಒಂದೂವರೆ. ತಿಂಗಳಿಗೆ ಇಪ್ಪತ್ತೆರಡು ದಿನ ಅಂತ ಹಿಡಿದರೆ 66 ಗಂಟೆ. ಹಗಲು ರಾತ್ರಿ ಸೇರಿಸಿ ಎರಡೂಮುಕ್ಕಾಲು ದಿನ ನೀನು ರೈಲು ದಾರಿಯಲ್ಲೇ ಇರುತ್ತೀಯ. ದುಡ್ಡೂ ಕಡಿಮೆಯಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದಾಗ ದೂರದ ಟಿಕೆಟ್ಟು 60ರಿಂದ 90 ರೂಪಾಯಿಗೆ ಹೋಯಿತು. ಎರಡೂ ಕಡೆ ಸೇರಿ ತಿಂಗಳಿಗೆ ನಾಲ್ಕು ಸಾವಿರ ಅನ್ನು. ಆದರೂ ನೀನು ಪುಣ್ಯವಂತೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಬಿಟ್ಟರು. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಮಾತ್ರ ಹಳಿ ಕೂಡಿರಲಿಲ್ಲ. ಆ ಪುಟ್ಟ ತುಂಡಿಗೆ ಜನ ಇಳಿದು ಬಸ್ಸು ಹತ್ತಿ ಮತ್ತೆ ರೈಲು ಹತ್ತಬೇಕಿತ್ತು. ಅಕ್ಟೋಬರ್ 9ಕ್ಕೆ ಎರಡು ತುದಿ ಸೇರಿದ ಮೇಲೆ ನಿನ್ನಂಥವರು ವಿಜಯನಗರದಲ್ಲಿ ಕೂತರೆ ಪಟ್ಟಂದೂರಿನಲ್ಲಿ ಏಳಬಹುದು ಅನ್ನುವಂತಾಯಿತು. ಸೀಟು ಸಿಕ್ಕರೆ!

ಸಮಯದ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೆಲಸದ ಹತ್ತಿರದ ಮನೆ ಆ ಲೆಕ್ಕದಲ್ಲಿ ಗೆಲ್ಲುತ್ತದೆ, ಎಂದೂ ಗೆಲ್ಲುತ್ತದೆ. ನಾನು ಹೇಳಬೇಕಾದ್ದು ಆ ಲೆಕ್ಕದ ಪುಸ್ತಕದಲ್ಲಿ ಬರೆಯದೇ ಬಿಡುವ ಸಾಲುಗಳನ್ನು. ಇದನ್ನು ಹೇಳಲು ನನಗೆ ಒಂದು ಅಧಿಕಾರವಿದೆ. ಕೆಲಸದ ಗೇಟಿಗೆ ಅಂಟಿಕೊಂಡ ಮನೆಯಲ್ಲಿ ಇಪ್ಪತ್ಮೂರು ವರ್ಷ ಇದ್ದವಳು ನಾನು. ಆಮೇಲೆ ಊರಿನ ಈ ಕೊನೆಯಿಂದ ಆ ಕೊನೆಗೆ ಒಂಬತ್ತು ವರ್ಷ ಬಸ್ಸಿನಲ್ಲಿ ಓಡಾಡಿದವಳೂ ನಾನೇ.

1979ರಲ್ಲಿ ನಾನು ಕಾರ್ಖಾನೆ ಸೇರಿದಾಗ ಬೆಂಗಳೂರಿನಲ್ಲಿ ಸರ್ಕಾರಿ ಕೆಲಸಗಾರರ ಕನಸೇ ಕ್ವಾರ್ಟರ್ಸು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಯಾವುದನ್ನೇ ನೋಡು, ಕಾರ್ಖಾನೆಯ ಪಕ್ಕಕ್ಕೆ ಒಂದು ಊರನ್ನೇ ಕಟ್ಟಿದ್ದರು. ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಾಲು ಮರ. ನಮ್ಮದೂ ಅಂಥದ್ದೇ ಒಂದು, ಹೆಸರು ಬೇಡ. ನಿಮ್ಮ ಮಾವನೂ ಅಲ್ಲೇ, ಟೂಲ್ ರೂಮಿನಲ್ಲಿ. ನಾನು ಜೋಡಣೆ ಸಾಲಿನಲ್ಲಿ. ಏಳು ಗಂಟೆಯ ಸೈರನ್ನಿಗೆ ಮನೆಯಿಂದ ಆರೂಮುಕ್ಕಾಲಿಗೆ ಹೊರಟರೆ ಸಾಕಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಮಗುವಿಗೆ ಎರಡು ತುತ್ತು ತಿನ್ನಿಸಿ ಹೋಗುತ್ತಿದ್ದೆ. ಅದು ಸುಖವೇ. ಅದನ್ನು ಈಗ ಜರೆದರೆ ನಾಲಿಗೆ ಬಿದ್ದೀತು.

ಆದರೆ ಒಂದು ಸಂಗತಿ ನನಗೆ ತಡವಾಗಿ ಗೊತ್ತಾಯಿತು. ನನ್ನ ಪಕ್ಕದ ಟೇಬಲ್ಲಿಗೆ ತುಮಕೂರಿನಿಂದ ರೈಲಿನಲ್ಲಿ ಬರುತ್ತಿದ್ದವಳೊಬ್ಬಳಿದ್ದಳು. ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ ಎದ್ದು ಚೀಲ ಹೆಗಲಿಗೆ ಹಾಕಿ "ಟ್ರೈನಿದೆ ಸಾರ್" ಅನ್ನುತ್ತಿದ್ದಳು. ಮೇಸ್ತ್ರಿ ಮರುಮಾತಾಡುತ್ತಿರಲಿಲ್ಲ. ರೈಲಿಗೆ ಯಾರು ಎದುರಾಡುತ್ತಾರೆ? ಮಾರ್ಚಿ ತಿಂಗಳ ಕೊನೆಗೆ ಲೆಕ್ಕ ತುಂಬಿಸಬೇಕಾದಾಗ, ಯಾರೋ ರಜೆ ಹಾಕಿದಾಗ, ಭಾನುವಾರ ಯಾರೋ ದೊಡ್ಡವರು ನೋಡಲು ಬರುತ್ತಾರೆ ಅಂದಾಗ ಮಾತ್ರ ನನ್ನ ಹೆಸರು. "ಅವರು ಇಲ್ಲೇ ಇರೋದು, ಹೇಳಿ ಕಳಿಸಿ." ಹತ್ತು ನಿಮಿಷದ ದಾರಿ ಉಳಿಸಿಕೊಟ್ಟ ಗಂಟೆಗಳೆಲ್ಲ ನನ್ನ ಕೈಗೆ ಬಂದವು ಅಂದುಕೊಂಡಿದ್ದೆ. ಅವು ಬಂದ ದಾರಿಯಲ್ಲೇ ಕಾರ್ಖಾನೆಗೆ ವಾಪಸ್ ಹೋಗುತ್ತಿದ್ದವು.

ನಿನ್ನದು ಸೈರನ್ ಇಲ್ಲದ ಕೆಲಸ. ಅದಕ್ಕೇ ಇನ್ನೂ ಹೆದರಿಕೆ. ಈಗಲೇ ನೋಡುತ್ತಿದ್ದೇನಲ್ಲ, ರಾತ್ರಿ ಊಟಕ್ಕೆ ಕೂತಾಗ ಫೋನು ಮಿಣುಕಿದರೆ ನಿನ್ನ ಎಡಗೈ ಅದರ ಮೇಲೆ. ಅಮೆರಿಕದವರ ಬೆಳಗಿಗೆ ನಿನ್ನ ರಾತ್ರಿ ಹೊಂದಿಕೊಳ್ಳಬೇಕು. ಈಗ "ಮೆಟ್ರೋದಲ್ಲಿದೀನಿ, ಸಿಗ್ನಲ್ ಇಲ್ಲ" ಅನ್ನಲು ನಿನಗೆ ಒಂದು ನೆಪವಿದೆ. ಕಿಟಕಿಯಿಂದ ಆಫೀಸು ಕಾಣುವ ಮನೆಯಲ್ಲಿ ಯಾವ ನೆಪ ಹೇಳುತ್ತೀಯ? ಅಲ್ಲಿಗೆ ಹೋಗುವುದೇ ಆದರೆ ಉಳಿಯುವ ಮೂರು ಗಂಟೆಗೆ ಮೊದಲೇ ಒಬ್ಬ ವಾರಸುದಾರನನ್ನು ಗೊತ್ತುಮಾಡು. ವೀಣೆ ಪಾಠಕ್ಕೋ, ನಡಿಗೆಗೋ, ಸುಮ್ಮನೆ ಬಿದ್ದುಕೊಂಡು ಕಾದಂಬರಿ ಓದುವುದಕ್ಕೋ. ವಾರಸುದಾರರಿಲ್ಲದ ಹೊಲಕ್ಕೆ ಪಕ್ಕದವನು ಬೇಲಿ ಸರಿಸಿಯೇ ಸರಿಸುತ್ತಾನೆ.

ಎರಡನೆಯದು ಇದಕ್ಕಿಂತ ಭಾರದ್ದು.

2002ರಲ್ಲಿ ನಮ್ಮಲ್ಲಿ ಸ್ವಯಂ ನಿವೃತ್ತಿ ಅಂತ ಬಂತು. ಹೆಸರಿಗೆ ಸ್ವಯಂ. ಗಂಡ ಹೆಂಡತಿ ಇಬ್ಬರೂ ಒಂದೇ ಕಡೆ ಇದ್ದದ್ದರಿಂದ ಒಂದೇ ವಾರದಲ್ಲಿ ಎರಡು ಸಂಬಳ ನಿಂತವು. ಆರು ತಿಂಗಳಲ್ಲಿ ಕ್ವಾರ್ಟರ್ಸು ಬಿಡಿ ಅಂದರು. ಅಲ್ಲಿಗೆ ಕೆಲಸ, ಮನೆ, ನೆರೆಹೊರೆ ಮೂರೂ ಒಟ್ಟಿಗೆ ಹೋದವು. ನೆರೆಯವರೂ ಅದೇ ಗೇಟಿನವರಲ್ಲವೇ? ಒಬ್ಬರು ತಿರುಚ್ಚಿಗೆ, ಒಬ್ಬರು ಪಾಲಕ್ಕಾಡಿಗೆ, ಒಬ್ಬರು ಕೋಲಾರಕ್ಕೆ ಅಂತ ಲಾರಿಗೆ ಸಾಮಾನು ಹೇರಿ ಚೆದುರಿಹೋದರು. ಆಗ ನನಗೆ ನಲವತ್ಮೂರು. ಬೆಂಗಳೂರಿನಲ್ಲಿ ಇಪ್ಪತ್ಮೂರು ವರ್ಷ ಇದ್ದವಳು ಬೆಂಗಳೂರನ್ನೇ ಕಂಡಿರಲಿಲ್ಲ. ಕಾರ್ಖಾನೆಗೆ ಸಂಬಂಧವಿಲ್ಲದ ಒಬ್ಬಳೇ ಒಬ್ಬಳು ಗೆಳತಿಯೂ ಇರಲಿಲ್ಲ. ವಿಜಯನಗರಕ್ಕೆ ಬಂದ ಹೊಸತರಲ್ಲಿ ತರಕಾರಿ ತರಲು ಹೋದರೆ ಚೌಕಾಸಿ ಮಾಡಲೂ ಬರುತ್ತಿರಲಿಲ್ಲ, ಕಾಲೊನಿಯ ಸೊಸೈಟಿ ಅಂಗಡಿಯಲ್ಲಿ ರೇಟು ಬರೆದಿಡುತ್ತಿದ್ದರಲ್ಲ. ನಿಮ್ಮ ಮಾವನಂತೂ ವರ್ಷಗಟ್ಟಲೆ ಬೆಳಗ್ಗೆ ಆರೂಮುಕ್ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ, ನಿಂತು, ಒಳಗೆ ಬಂದು ಪೇಪರು ಹಿಡಿಯುತ್ತಿದ್ದರು.

ಇದು ನಮ್ಮೊಬ್ಬರ ಕತೆಯಲ್ಲ. ಆಮೇಲೆ ನಾನು ಮಹದೇವಪುರದ ಕಡೆ ಒಂದು ಸಣ್ಣ ಯೂನಿಟ್ಟಿಗೆ ಸೇರಿದೆನಲ್ಲ, ಅಲ್ಲಿ ನನ್ನ ಜೊತೆಗಿದ್ದವಳು ಕೆಜಿಎಫ್‌ನವಳು. ತಾತ, ಅಪ್ಪ ಇಬ್ಬರೂ ಚಿನ್ನದ ಗಣಿಗೆ ಇಳಿದವರು. ಗಣಿ ಶಾಫ್ಟಿನಿಂದ ಕೂಗಳತೆಯಲ್ಲಿ ಕಂಪನಿ ಕಟ್ಟಿಕೊಟ್ಟ ಲೈನ್ ಮನೆ. ಭಾರತದ ಬಹುಪಾಲು ಊರುಗಳಲ್ಲಿ ಕರೆಂಟಿನ ಸುಳಿವಿಲ್ಲದ ಕಾಲದಲ್ಲಿ, 1902ರಲ್ಲೇ, ಶಿವನಸಮುದ್ರದಿಂದ ತಂತಿ ಎಳೆಸಿಕೊಂಡ ಊರು ಅದು. ಹೀಗಂದಾಗ ಅವಳು ತಿದ್ದುತ್ತಿದ್ದಳು: "ತಂತಿ ಎಳೆದದ್ದು ಗಣಿಗೆ ಕಣಕ್ಕ, ನಮ್ಮ ಲೈನಿಗಲ್ಲ." 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮನೆ ಅಲ್ಲೇ ಉಳಿಯಿತು, ಕೆಲಸ ನೂರು ಕಿಲೋಮೀಟರ್ ಆಚೆ ಹೋಯಿತು. ಹೊಟ್ಟೆಗೆ ಬೇಕಲ್ಲ, ಊರಿಗೆ ಊರೇ ನಸುಕಿನ ರೈಲು ಹತ್ತತೊಡಗಿತು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರ. ಇವಳು ಮೂರೂವರೆಗೆ ಎದ್ದು ಡಬ್ಬಿ ಕಟ್ಟಿ, ರೈಲಿನಲ್ಲಿ ಹುರುಳಿಕಾಯಿ ನಾರು ತೆಗೆದು, ಮಾಲೂರಿನಿಂದ ಈಚೆಗೆ ಒಂದು ಕೋಳಿನಿದ್ದೆ ಮಾಡಿ ಬರುತ್ತಿದ್ದಳು. ತಾತ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಅದೇ ಮನೆಯಿಂದ ಮೊಮ್ಮಗಳಿಗೆ ದಿನಕ್ಕೆ ಐದಾರು ಗಂಟೆ ರೈಲು. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಬೆಳಗ್ಗೆ ನಿಂತು ನೋಡು, ಅಲ್ಲಿ ಇಳಿಯುವ ಕಾವಲುಗಾರರು, ಆಯಾಗಳು, ಆಫೀಸು ಹುಡುಗರಲ್ಲಿ ಆ ಊರಿನವರು ಇರುತ್ತಾರೆ.

ಇನ್ನೊಂದು ಕುದುರೆಮುಖ. ನಿಮ್ಮ ಮಾವನ ಗೆಳೆಯರೊಬ್ಬರು ಅಲ್ಲಿದ್ದರು, ತೊಂಬತ್ತರ ದಶಕದಲ್ಲಿ ಒಮ್ಮೆ ಹೋಗಿದ್ದೆವು. ಕಾಡಿನ ನಡುವೆ ಅಷ್ಟು ಅಚ್ಚುಕಟ್ಟಾದ ಊರನ್ನು ನಾನು ಮತ್ತೆ ಕಂಡಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅದಿರು ತೆಗೆಯುವುದು ನಿಂತಿತು. ಕಾಡಿಗೆ, ಭದ್ರೆಗೆ ಒಳ್ಳೆಯದೇ ಆಯಿತು ಅನ್ನು. ಕ್ವಾರ್ಟರ್ಸುಗಳಿಗೆ ಮಾತ್ರ ಪಾಚಿ ಹಿಡಿಯಿತು.

ಐಟಿ ಕಂಪನಿ ಗಣಿಯಲ್ಲ ಅಂತೀಯ. ಒಪ್ಪಿದೆ. ಒಂದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದಿದೆ. ಆದರೆ ನೀನೇ ಮೊನ್ನೆ ಹೇಳಿದೆ, ನಿಮ್ಮ ಟೀಮನ್ನು ಮುಂದಿನ ವರ್ಷ ಔಟರ್ ರಿಂಗ್ ರೋಡಿನ ಕಟ್ಟಡಕ್ಕೆ ಕಳಿಸುವ ಮಾತಿದೆ ಅಂತ. ನಿನ್ನ ಗೆಳತಿ ಎರಡು ವರ್ಷದಲ್ಲಿ ಮೂರನೇ ಕಂಪನಿಯಲ್ಲಿದ್ದಾಳೆ. ನನ್ನ ಕಾಲದಲ್ಲಿ ಕೆಲಸ ಕಂಬದ ಹಾಗೆ ನಿಂತಿರುತ್ತಿತ್ತು, ಅದಕ್ಕೆ ಮನೆ ಕಟ್ಟಿಕೊಂಡೆವು; ಆ ಕಂಬವೂ ಕಿತ್ತುಬಂತು. ನಿನ್ನ ಕಾಲದ ಕೆಲಸಕ್ಕೆ ಕಾಲಿದೆ.

ಹಾಗಾಗಿ "ಮನೆ ಆಫೀಸಿಗೆ ಎಷ್ಟು ಹತ್ತಿರ" ಅನ್ನುವುದರ ಜೊತೆಗೆ ಇದನ್ನೂ ಕೇಳಿಕೋ: ನಾಳೆ ಈ ಆಫೀಸು ಇಲ್ಲದಿದ್ದರೆ ಈ ಜಾಗದಲ್ಲಿ ನನಗೆ ಏನಿರುತ್ತದೆ? ಭಾನುವಾರ ಆ ಗೇಟಿನೊಳಗೆ ನಾನು ಹುಡುಕುತ್ತಿದ್ದದ್ದು ಅದನ್ನೇ. ಗೇಟಿನಲ್ಲಿ ಹುಡುಗ ನನ್ನ ಹೆಸರು, ಫೋನ್ ನಂಬರು, ಯಾವ ಮನೆ, ಏನು ಕೆಲಸ ಎಲ್ಲ ಕೇಳಿದ. ಒಡಿಶಾದವನಂತೆ, ಪಾಪ, ಊಟವಾಯಿತೇ ಅಂತ ನಾನು ಕೇಳಿದ್ದಕ್ಕೆ ಗಾಬರಿಯಾದ. ಒಳಗೆ ಎಲ್ಲ ನೀಟು. ಲಿಫ್ಟಿನಲ್ಲಿ ನಾಲ್ಕು ಜನ, ನಾಲ್ವರ ಕಣ್ಣೂ ಫೋನಿನಲ್ಲಿ.

ಹೊರಗೆ ಗೋಡೆಯ ಮಗ್ಗುಲಿಗೆ ನೀಲಿ ಟಾರ್ಪಾಲಿನ ಕೆಳಗೆ ಹೂವಿನವಳು ಕೂತಿದ್ದಳಲ್ಲ, ನೀನು ಫೋನಿನಲ್ಲಿ ಬ್ರೋಕರ್ ಜೊತೆ ಮಾತಾಡುತ್ತಿದ್ದೆ, ನಾನು ಅವಳ ಹತ್ತಿರ ಹೋದೆ. "ಎಷ್ಟಮ್ಮ ಮೊಳ?" ಅಂದೆ. ಅಭ್ಯಾಸಬಲದಲ್ಲಿ "ತೀಸ್ ರುಪಾಯಾ" ಅಂದವಳು ಕತ್ತೆತ್ತಿ ನನ್ನ ಮುಖ ನೋಡಿದಳು. "ಅಯ್ಯೋ, ಕನ್ನಡದೋರಾ? ಇಪ್ಪತ್ತೈದು ಕೊಡಿ ಅಕ್ಕ." ಕನ್ನಡಕ್ಕೆ ಐದು ರೂಪಾಯಿ ರಿಯಾಯಿತಿ ನನಗೆ ಬೆಂಗಳೂರಿನಲ್ಲಿ ಅದೇ ಮೊದಲು. ನಾಲ್ಕು ಮಾತಿಗೆ ಅವಳು ತೆರೆದುಕೊಂಡಳು. ಆ ಗೋಪುರಗಳಿರುವ ಜಾಗ ಮೊದಲು ರಾಗಿ ಹೊಲ, ಆಚೆಗೆ ನೀಲಗಿರಿ ತೋಪು. ಹೊತ್ತು ಎಷ್ಟು ಅಂತ ಅವಳು ಗಡಿಯಾರ ನೋಡುವುದಿಲ್ಲ, ನೀರಿನ ಟ್ಯಾಂಕರು ಎಣಿಸುತ್ತಾಳೆ. "ಈಗ ಆರು ಹೋದ್ವು, ಅಂದ್ರೆ ಹನ್ನೊಂದಾಯ್ತು. ಬೇಸಿಗೇಲಿ ಸಾಲು ಆ ಹೊಂಗೆ ಮರದ ತಂಕ ಬರ್ತದೆ."

ಬ್ರೋಕರು ನಿನಗೆ ಈಜುಕೊಳ ತೋರಿಸಿದ. ಟ್ಯಾಂಕರಿನ ವಿಷಯ ಹೇಳಿದನೇ? 2024ರ ಮಾರ್ಚಿನಲ್ಲಿ ಆ ಕಡೆ ಬೋರ್‌ವೆಲ್‌ಗಳು ಬತ್ತಿದಾಗ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರು ಬಕೆಟ್ಟು ಲೆಕ್ಕ ಹಾಕಿದರು. ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಅಂತ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತಲೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ಹಾಗಿದ್ದರೆ ಆರು ಟ್ಯಾಂಕರು ಯಾಕೆ? ನೀನು ಕೇಳಬೇಕು. ಕಾವೇರಿ ಸಂಪರ್ಕ ಆ ಕಟ್ಟಡಕ್ಕೆ ಬಂದಿದೆಯೇ, ಬಂದಿದ್ದರೆ ವಾರಕ್ಕೆ ಎಷ್ಟು ದಿನ, ಟ್ಯಾಂಕರಿನ ಖರ್ಚು ಮೇಂಟೆನೆನ್ಸಿನೊಳಗೋ ಹೊರಗೋ. ಇದನ್ನು ಓನರ್‌ಗೆ ಕೇಳಿದರೆ ಅವರು ಪುಣೆಯಲ್ಲಿದ್ದಾರೆ, ಗೊತ್ತಿರುವುದಿಲ್ಲ. ಪಂಪು ಹಾಕುವವನನ್ನು ಕೇಳು.

ಮಳೆಗಾಲದ್ದೂ ಹಾಗೇ. 2022ರ ಸೆಪ್ಟೆಂಬರಿನ ಮೊದಲ ವಾರ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಯವರು ಟ್ರ್ಯಾಕ್ಟರಿನಲ್ಲಿ ನಿಂತು ಆಫೀಸಿಗೆ ಹೋದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಕೆರೆಗೆ ಹೋಗುವ ನೀರಿಗೆ ದಾರಿ ಮರೆಯುವುದಿಲ್ಲ, ರಾಜಕಾಲುವೆ ಮುಚ್ಚಿದವರು ಮರೆಯುತ್ತಾರೆ. ಹನ್ನೊಂದನೇ ಮಹಡಿಗೆ ನೀರು ಬರಲಿಕ್ಕಿಲ್ಲ. ಲಿಫ್ಟು, ಜನರೇಟರು ನೆಲದಲ್ಲೇ ಇರುವುದು ಅಲ್ಲವೇ? ಬೇಸ್‌ಮೆಂಟಿಗೆ ಇಳಿದು ಗೋಡೆಯ ಮೇಲೆ ನೀರು ನಿಂತ ಗೆರೆಯಿದೆಯೇ ನೋಡು. ಹೊಸದಾಗಿ ಸುಣ್ಣ ಬಳಿದಿದ್ದರೆ ಯಾವಾಗ ಬಳಿದದ್ದು ಅಂತ ಕೇಳು.

ಅಂದಹಾಗೆ ವೈಟ್‌ಫೀಲ್ಡ್ ಹುಟ್ಟಿದ್ದು ಕೆಲಸಕ್ಕಾಗಿ ಅಲ್ಲ, ಬದುಕಿಗಾಗಿ. ಚಾಮರಾಜೇಂದ್ರ ಒಡೆಯರು 1882ರಲ್ಲಿ 3,900 ಎಕರೆ ಜಮೀನನ್ನು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟರು, ಬೇಸಾಯ ಮಾಡಿಕೊಂಡು ನೆಲೆ ನಿಲ್ಲಲಿ ಅಂತ. ಅವರ ಮುಂದಾಳು ವೈಟ್ ಅನ್ನುವವರ ಹೆಸರೇ ಊರಿಗೆ ಉಳಿಯಿತು. ಹಳೆಯ ಭಾಗದಲ್ಲಿ ಇನ್ನರ್ ಸರ್ಕಲ್ ಅಂತ ಗುಂಡಗೆ ಒಂದು ಬೀದಿಯಿದೆ, ಮಧ್ಯೆ ಮೈದಾನ, ಸುತ್ತ ಮನೆಗಳು. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಎದ್ದ ಮೇಲೆ ಊರಿನ ಮುಖವೇ ಆ ಕಡೆ ತಿರುಗಿತು. ಮುಂದಿನ ಸಲ ಮನೆ ನೋಡಲು ಹೋದಾಗ ಹತ್ತು ನಿಮಿಷ ಆ ಇನ್ನರ್ ಸರ್ಕಲ್ ಸುತ್ತಿ ಬಾ. ಜನ ಇರಲಿಕ್ಕೆ ಅಂತ ಕಟ್ಟಿದ ಬೀದಿಗೂ, ಆಫೀಸು ಬಿಟ್ಟವರು ಮಲಗಲಿಕ್ಕೆ ಅಂತ ಕಟ್ಟಿದ ಗೋಪುರಕ್ಕೂ ಇರುವ ವ್ಯತ್ಯಾಸ ನಾನು ಹೇಳುವುದಕ್ಕಿಂತ ನಿನ್ನ ಕಾಲಿಗೇ ಚೆನ್ನಾಗಿ ಗೊತ್ತಾಗುತ್ತದೆ.

ಕೊಳ್ಳುವ ವಿಚಾರಕ್ಕೆ ಒಂದೇ ಮಾತು. "ಬಾಡಿಗೆ ಕಟ್ಟೋ ಬದಲು ಇಎಂಐ ಕಟ್ಟಬಹುದಲ್ವಾ" ಅಂತ ಬ್ರೋಕರು ನಿನ್ನ ಕಿವಿಯಲ್ಲಿ ಊದಿದ್ದು ನನಗೂ ಕೇಳಿಸಿತು. ಸಾಲ ಇಪ್ಪತ್ತು ವರ್ಷದ್ದು, ಕೆಲಸ ಎರಡು ವರ್ಷದ್ದು. ಕೆಲಸದ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಸಾಲ ಮಾಡಿ ಕೊಳ್ಳಬೇಡ. ಒಸಿ ಇದೆಯೇ, ಖಾತೆ ಎಯೋ ಬಿಯೋ, ಇವೆಲ್ಲ ಆಮೇಲಿನ ಮಾತು. ಬಾಡಿಗೆಗೆ ಹೋದರೂ 11 ತಿಂಗಳ ಅಗ್ರಿಮೆಂಟನ್ನು ಓದದೆ ಸಹಿ ಹಾಕಬೇಡ. ಅಡ್ವಾನ್ಸು ಎಷ್ಟು ತಿಂಗಳದ್ದು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಮಧ್ಯೆ ಬಿಟ್ಟರೆ ಏನು, ಮತ್ತು ಮುಖ್ಯವಾಗಿ, ಜೊತೆಗಿರುವ ಇಬ್ಬರಲ್ಲಿ ಒಬ್ಬಳು ಮದುವೆಯಾಗಿ ಹೋದರೆ ಅವಳ ಪಾಲಿನ ಬಾಡಿಗೆ ಯಾರ ತಲೆಗೆ.

ಮದುವೆ ಅಂದೆನಲ್ಲ, ಮುಖ ಸಿಂಡರಿಸಬೇಡ. ನಾನು ಗಂಡು ನೋಡುತ್ತಿಲ್ಲ. ಆದರೆ ನಾಳೆ ನೀನು ಒಪ್ಪಿದವನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ? ಅಲ್ಲಿಗೂ 2025ರ ಆಗಸ್ಟಿನಿಂದ ಹಳದಿ ಮಾರ್ಗದ ರೈಲು ಓಡುತ್ತಿದೆ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಾಯಿಸಿ ಊರೆಲ್ಲ ಬಳಸಿ ಹೋಗಬೇಕು. ನಮ್ಮ ಬೀದಿಯ ಕೊನೆಯ ಮನೆಯ ಗಂಡ ಹೆಂಡತಿ ಇದೇ ಕಾರಣಕ್ಕೆ ವಿಜಯನಗರದಲ್ಲಿದ್ದಾರೆ. ಇಬ್ಬರಿಗೂ ಸಮಾನ ದೂರ, ಸಮಾನ ಸಿಟ್ಟು.

ಹಾಗಾದರೆ ಏನು ಮಾಡಲಿ ಅಂತೀಯ. ಇಲ್ಲೇ ಇರು ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಮೂರು ಗಂಟೆ ಕಳೆದುಕೊಳ್ಳುವ ವಯಸ್ಸಲ್ಲ ನಿನ್ನದು. ಒಂಬತ್ತು ವರ್ಷ ಬಸ್ಸಿನಲ್ಲಿ ನೇತಾಡಿ ಬಂದ ನನ್ನ ಮೊಣಕಾಲನ್ನೇ ಕೇಳು, ಅದು ಹೇಳುತ್ತದೆ. ಹೋಗು. ಆದರೆ ಗೇಟಿನ ಪಕ್ಕಕ್ಕೆ ಹೋಗಬೇಡ. ಆಫೀಸಿಗೆ ಹತ್ತಿರದ ಮನೆ ಹುಡುಕುವ ಬದಲು ಹಳಿಗೆ ಹತ್ತಿರದ ಮನೆ ಹುಡುಕು.

ನನ್ನ ಮನಸ್ಸಿನಲ್ಲಿರುವುದು ಕೆ.ಆರ್. ಪುರ, ಬೆನ್ನಿಗಾನಹಳ್ಳಿ, ಇಲ್ಲವೇ ಸಿ.ವಿ. ರಾಮನ್ ನಗರದ ಕಡೆ. ಕೆ.ಆರ್. ಪುರದಿಂದ ಪಟ್ಟಂದೂರಿಗೆ ಎಂಟೇ ಸ್ಟೇಷನ್ನು, ಇಪ್ಪತ್ತು ನಿಮಿಷದೊಳಗೆ. ಸಿಲ್ಕ್ ಬೋರ್ಡಿನಿಂದ ಬರುವ ನೀಲಿ ಮಾರ್ಗ ಅಲ್ಲೇ ಸೇರುತ್ತದೆ. ಅದು ತೆರೆದ ಮೇಲೆ ನಿಮ್ಮ ಟೀಮು ರಿಂಗ್ ರೋಡಿಗೆ ಹೋದರೂ ನೀನು ಮನೆ ಬದಲಾಯಿಸಬೇಕಿಲ್ಲ, ರೈಲು ಬದಲಾಯಿಸಿದರೆ ಸಾಕು. ಶುಕ್ರವಾರ ಸಂಜೆ ತಿಪಟೂರಿಗೆ ಹೊರಟರೆ ಅದೇ ನೇರಳೆ ಮಾರ್ಗದ ರೈಲು ಮೆಜೆಸ್ಟಿಕ್ಕಿಗೆ ಬಿಡುತ್ತದೆ. ಬ್ರೋಕರು ತೋರಿಸಿದಂಥ ಈಜುಕೊಳ ಅಲ್ಲಿ ಸಿಗಲಿಕ್ಕಿಲ್ಲ. ಮೂರು ಮಹಡಿಯ ಕಟ್ಟಡ, ಕೆಳಗೆ ಓನರ್ ಮನೆ, ಬೆಳಗ್ಗೆ ಅವರಮ್ಮನ ಸುಪ್ರಭಾತ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಅನ್ನುವ ತಕರಾರು, ಎಲ್ಲ ಇರುತ್ತದೆ. ಆದರೆ ಬೀದಿಯಲ್ಲಿ ಒಬ್ಬ ಇಸ್ತ್ರಿಯವನು, ಒಂದು ದರ್ಶಿನಿ, ಒಂದು ಮೆಡಿಕಲ್ ಸ್ಟೋರು, ಹಳೇ ಕಾರ್ಖಾನೆಗಳ ರಿಟೈರಾದ ನಾಲ್ಕು ಮುದುಕರು ಕೂರುವ ಕಟ್ಟೆ ಇರುತ್ತದೆ. ನಿನ್ನ ಬ್ಯಾಡ್ಜಿನಲ್ಲಿ ಯಾವ ಕಂಪನಿಯ ಹೆಸರಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ, ಬೇಕಾಗಿಯೂ ಇಲ್ಲ. ನನಗೆ ಇಪ್ಪತ್ಮೂರು ವರ್ಷ ಇಲ್ಲದೇಹೋದದ್ದು ಅಂಥವರೇ.

ಮನೆ ನೋಡಲು ಭಾನುವಾರ ಹೋಗಬೇಡ. ಭಾನುವಾರ ಎಲ್ಲ ಬೀದಿಯೂ ಸಾಧು. ವಾರದ ನಡುವೆ ಒಂದು ದಿನ ಬೆಳಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಸ್ಟೇಷನ್ನಿಗೆ ನಡೆ, ಅದೇ ದಿನ ರಾತ್ರಿ ಒಂಬತ್ತೂವರೆಗೆ ಸ್ಟೇಷನ್ನಿನಿಂದ ಮನೆಗೆ ನಡೆ. ಫುಟ್‌ಪಾತ್ ಎಲ್ಲಿ ಮುಗಿದು ಚರಂಡಿ ಶುರುವಾಗುತ್ತದೆ, ಬೀದಿದೀಪ ಎಷ್ಟು ಕಂಬಕ್ಕಿದೆ, ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ನಾಯಿಗಳು ಎಷ್ಟು. ಆ ಕೊನೇ ಅರ್ಧ ಕಿಲೋಮೀಟರು ನಿನ್ನ ಕಾಲಿಗೆ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು.

ಬರುವ ಬುಧವಾರ ನಾನೂ ಬರುತ್ತೇನೆ, ಬೇಡ ಅನ್ನಬೇಡ. ನೀನು ಸಂಜೆ ಕೆಲಸ ಮುಗಿಸುವ ಹೊತ್ತಿಗೆ ನಾನು ಪಟ್ಟಂದೂರು ಅಗ್ರಹಾರದಲ್ಲಿ ಇಳಿದಿರುತ್ತೇನೆ. ನಿನ್ನ ಗೆಳತಿಯರ ಮನೆಯ ಪಂಪಿನವನಿಗೆ ಮೊದಲು ಎರಡು ಮಾತು ಕೇಳೋಣ, ಅವರಾದರೂ ತಿಳಿದುಕೊಳ್ಳಲಿ. ಆಮೇಲೆ ಕೆ.ಆರ್. ಪುರದಲ್ಲಿ ಇಳಿದು ಟು ಲೆಟ್ ಬೋರ್ಡು ಹುಡುಕುತ್ತಾ ನಡೆಯೋಣ. ಡಬ್ಬಿಗೆ ಚಿತ್ರಾನ್ನ ಕಟ್ಟಿಕೊಂಡು ಬರುತ್ತೇನೆ. ಆ ಹೂವಿನವಳ ಹತ್ತಿರ ನಾಲ್ಕು ಮೊಳ ಕಾಕಡ ಎತ್ತಿಡು ಅಂತ ಭಾನುವಾರವೇ ಹೇಳಿ ಬಂದಿದ್ದೇನೆ, ಇಪ್ಪತ್ತೈದರ ರೇಟಿಗೆ.

ನಿನ್ನ
ಅತ್ತೆ